ಆದಪ್ಪನ ಗುಡ್ಡದ ಬಂದೋಬಸ್ತು

ಹರಿದದ್ದು ಒಂದು ಹಳೆಯ ಹಗ್ಗ. ಎಮ್ಮೆಗೆ ಹೊಸ ಹಗ್ಗ ತನ್ನಿರೆಂದು ಅಮರಮ್ಮ ದೀಪಾವಳಿಯಿಂದ ಹೇಳುತ್ತಲೇ ಇದ್ದಳು. ಆಕೆಯ ಗಂಡ ಆದಪ್ಪ ಮಸ್ಕಿಯಲ್ಲಿ ಮೋಟಾರು ನಿಲ್ಲುವ ಜಾಗದ ಬೀಡಿ ಅಂಗಡಿಯಲ್ಲಿ ಕೂತು, ಹರಿದಲ್ಲಿ ಗಂಟು ಹಾಕಿದರೆ ಹಗ್ಗಕ್ಕೆ ಇನ್ನಷ್ಟು ಬಲ ಬರುತ್ತದೆಂಬ ಸಿದ್ಧಾಂತ ಕಟ್ಟಿಕೊಂಡಿದ್ದ. ಅಂದು ಬೆಳಿಗ್ಗೆ ನೋಡಿದರೆ ಗೂಟದಲ್ಲಿ ಗಂಟುಗಳಷ್ಟೇ ಉಳಿದಿದ್ದವು, ಎಮ್ಮೆ ಇರಲಿಲ್ಲ.

ಅದೇನು ಸಾಮಾನ್ಯ ಎಮ್ಮೆಯೇ? ಅಮರಮ್ಮನ ತವರಿನ ಬಳುವಳಿ, ಮೇಲಾಗಿ ಗಬ್ಬದ ಎಮ್ಮೆ. ಅದನ್ನು ನೋಡಲೆಂದೇ ಸಂತೆಕಲ್ಲೂರಿನಿಂದ ಮಾವ ಹೊನ್ನೂರಪ್ಪ ಮರುದಿನ ಬರುವವನಿದ್ದ. ಮಗಳು ಹೇಗಿದ್ದಾಳೆಂದು ಎಂದೂ ಕೇಳದ ಆ ಹಿರಿಯ, ಎಮ್ಮೆಯ ಕ್ಷೇಮವನ್ನು ಮಾತ್ರ ಮಸ್ಕಿಯಿಂದ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಿದ್ದ.

“ನಮ್ಮಪ್ಪ ಬರೂದ್ರಾಗ ಎಮ್ಮಿ ಗೂಟದಾಗ ಇರಬೇಕು. ಇಲ್ಲಂದ್ರ ಅದರ ಜಾಗದಾಗ ನೀವ ನಿಂತ್ಕೋರಿ” ಎಂದಳು ಅಮರಮ್ಮ.

ಅಷ್ಟರಲ್ಲಿ ಪಕ್ಕದ ಮನೆಯ ಶಿವಶರಣಪ್ಪ ಬಂದ. ನಿಜಾಮರ ಕಾಲದಲ್ಲಿ ಯಾರೋ ಸಾಹೇಬರ ಶಿಕಾರಿಯ ಡೇರೆ ಕಾದವನು. ಸಾಹೇಬರು ಹೋದರು, ನಿಜಾಮರ ರಾಜ್ಯವೂ ಹೋಗಿ ಮೂರು ನಾಲ್ಕು ವರ್ಷವಾಯಿತು, ಕಾಡಿನ ವಿಷಯದಲ್ಲಿ ಇವನ ದರ್ಬಾರು ಮಾತ್ರ ಇನ್ನೂ ನಡೆದೇ ಇತ್ತು. ಕುಕ್ಕರುಗಾಲಲ್ಲಿ ಕೂತು ನೆಲವನ್ನು ಬಹಳ ಹೊತ್ತು ದಿಟ್ಟಿಸಿ, ಗೊರಸಿನ ಗುರುತು ಗುಡ್ಡದ ಕಡೆಗೇ ಇದೆ ಎಂದು ತೀರ್ಪು ಕೊಟ್ಟ.

ಆದಪ್ಪ ಕೋಲು ಹಿಡಿದು ಹೊರಟ. ಶಿವಶರಣಪ್ಪ ಅಡ್ಡಗಟ್ಟಿದ.

“ಬರಿಗೈಲೆ ಗುಡ್ಡಕ್ಕ ಹೋಗತಾರೇನೋ? ಅಲ್ಲಿ ತೋಳ ಅದಾವ, ಹಾವು ಅದಾವ. ಎಮ್ಮಿ ಕೊರಕಲದಾಗ ಬಿದ್ದಿದ್ರ ಹ್ಯಾಂಗ ಎತ್ತತಿ? ಬಂದೋಬಸ್ತ್ ಜರೂರ್ ಬೇಕು.”

ಹೀಗೆಂದು ತನ್ನ ಬಾವಿಯ ದಪ್ಪ ಹಗ್ಗ ತಂದು ಅವನ ಹೆಗಲಿಗೆ ಹಾಕಿದ. ಓಣಿಯ ತಿರುವು ದಾಟಬೇಕು, ಅಷ್ಟರಲ್ಲಿ ಕಸ ಗುಡಿಸುತ್ತಿದ್ದ ಜಂಬಮ್ಮ ತಲೆಯೆತ್ತಿ, “ಎಲ್ಲಿಗೆ ಹೊಂಟಿಯೋ ಆದಪ್ಪ?” ಎಂದುಬಿಟ್ಟಳು.

ಮುಗಿಯಿತು. ಹೊರಟವನನ್ನು ಎಲ್ಲಿಗೆಂದು ಕೇಳಿದ ಮೇಲೆ ಆ ಕೆಲಸ ಆದೀತೇ? ತಿರುಗಿ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಆದಪ್ಪ ಬಂದು ಕೂತ. ತಪ್ಪಾಯಿತೆಂದು ನೊಂದುಕೊಂಡ ಜಂಬಮ್ಮ ಹಾವಿಗೊಂದು ಬೇರು, ಬಿಸಿಲಿಗೆಂದು ರುಮಾಲಿನಲ್ಲಿ ಕಟ್ಟಿಕೊಳ್ಳಲು ಉಳ್ಳಾಗಡ್ಡಿ ತಂದುಕೊಟ್ಟಳು. ಒಂದು ಹಗ್ಗ ಸಾಲದೆಂದು ಶಿವಶರಣಪ್ಪ ಹೇಳಿದ್ದೇ ತಡ, ತನ್ನ ಹಗ್ಗವನ್ನೂ ಕೊಟ್ಟಳು.

ಎರಡನೆಯ ಸಲ ತಿರುವಿನಲ್ಲಿ ಸಿಕ್ಕವಳು ರಹೀಮಾಬೀ. ಆ ಪುಣ್ಯಾತ್ಗಿತ್ತಿಯೂ ಅದೇ ಪ್ರಶ್ನೆ ಕೇಳಿದಳು. ಮತ್ತೆ ಕಟ್ಟೆ, ಮತ್ತೆ ನೀರು. ಈ ಸಲ ಕಂದೀಲು, ಎಣ್ಣೆ ಶೀಸೆ, ಇನ್ನೊಂದು ಹಗ್ಗ ಬಂದವು. ಸುಗ್ಗಿಯ ದಿನ, ಬೇರೆ ಓಣಿಗಳ ಹಗ್ಗಗಳು ಬಂಡಿಯ ಜೊತೆ ಹೊಲಕ್ಕೆ ಹೋಗಿದ್ದವು. ಉಳಿದವು ಈಗ ಆದಪ್ಪನ ಹೆಗಲೇರಿದವು.

ಕೊನೆಗೆ ಅಮರಮ್ಮ ರೊಟ್ಟಿಯ ಬುತ್ತಿ ಕಟ್ಟಿದಳು. ದೆವ್ವ ಬೆನ್ನು ಹತ್ತಬಾರದೆಂದು ಅದರಲ್ಲೊಂದು ಇದ್ದಲಿ ಇಟ್ಟಳು. ಕುಡಿಯಲು ನೀರು ಬೇಕಲ್ಲ. ಮದುವೆಯಲ್ಲಿ ಅಪ್ಪ ಕೊಟ್ಟ ತಾಮ್ರದ ತಂಬಿಗೆಯನ್ನೇ ತುಂಬಿ, ಮನೆಯಲ್ಲಿರುವುದು ಇದೊಂದೇ, ಜೋಪಾನ ಎಂದು ಎಚ್ಚರಿಸಿ ಕೈಗಿಟ್ಟಳು. ಆದಪ್ಪ ಈ ಸಲ ಯಾರ ಕಣ್ಣಿಗೂ ಬೀಳದಂತೆ ಹಿತ್ತಲಿನಿಂದ ನುಸುಳಿದ. ದೂರದಿಂದ ನೋಡಿದವರಿಗೆ ಸಂತೆಗೆ ಹೊರಟ ಕತ್ತೆಯಂತೆ ಕಾಣುತ್ತಿದ್ದ.

ಗುಡ್ಡದ ಬುಡದಲ್ಲೇ ಹುಟ್ಟಿ ಬೆಳೆದರೂ ಅವನು ನಡುಗುಡ್ಡದ ಗುಡಿಯಿಂದ ಮೇಲಕ್ಕೆ ಹತ್ತಿದವನಲ್ಲ. ಹಗ್ಗ ಎತ್ತಿಕೊಂಡರೆ ಕಂದೀಲು ಜಾರುತ್ತಿತ್ತು, ಕಂದೀಲು ಹಿಡಿದರೆ ಬುತ್ತಿ ಉರುಳುತ್ತಿತ್ತು. ತೋಳ ಬರಲಿಲ್ಲ, ಹಾವೂ ಕಾಣಲಿಲ್ಲ. ಬಂದಿದ್ದರೂ ಕೋಲೆತ್ತಲು ಅವನಿಗೆ ಕೈ ಖಾಲಿ ಇರಲಿಲ್ಲ. ತುದಿಯಲ್ಲಿ ಒಂದು ಕಡೆ ಕರ್ರಗೆ ಕಂಡಿತು. ಆದಪ್ಪನ ಕಣ್ಣಲ್ಲಿ ನೀರೇ ಬಂತು. “ಬಾರವ್ವಾ, ನನ್ನ ಮರ್ಯಾದಿ ಉಳಿಸವ್ವಾ” ಎಂದು ಬೇಡುತ್ತ ಹತ್ತಿರ ಹೋಗಿ ಬೆನ್ನು ಸವರಿದ. ಅದು ಬಂಡೆಯಾಗಿತ್ತು.

ಸೋತು ಅಲ್ಲೇ ಕುಸಿದು ಕೂತವನು ಕೆಳಗೆ ನೋಡಿದ. ಶಿವಶರಣಪ್ಪನ ಹಿತ್ತಲಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಅಮರಮ್ಮ ಗುಡ್ಡದ ಕಡೆ ಸೆರಗು ಬೀಸಿ ಬೀಸಿ ಕರೆಯುತ್ತಿದ್ದಳು. ಎಮ್ಮೆ ಸಿಕ್ಕಿದೆ, ಇನ್ನೇನು! ಎಮ್ಮೆ ಸಿಕ್ಕ ಮೇಲೆ ಈ ಹೊರೆ ಯಾಕೆ? ನಾಳೆ ಒಯ್ದರಾಯಿತೆಂದು ಎಲ್ಲವನ್ನೂ ಬಂಡೆಯ ಮೇಲೆ ಬಿಟ್ಟು, ಜೀವ ಹಗುರಾಗಿ ಓಡೋಡುತ್ತ ಇಳಿದ.

ಎಮ್ಮೆ ಸಿಕ್ಕಿತ್ತು, ನಿಜ. ಅದು ಗುಡ್ಡಕ್ಕೆ ಹೋಗಿಯೇ ಇರಲಿಲ್ಲ. ಶಿವಶರಣಪ್ಪ ಹೊಸ ಜೋಳ ತುಂಬಲೆಂದು ತನ್ನ ಹಿತ್ತಲಿನ ಹಗೇವಿನ, ಅಂದರೆ ಕಾಳಿನ ನೆಲಗುಂಡಿಯ, ಬಾಯಿ ಅಗಲಿಸಿ ಅದರ ಮೇಲೆ ಜೋಳದ ಕಣಿಕೆ ಮುಚ್ಚಿದ್ದ. ಎಮ್ಮೆ ಕಣಿಕೆ ತಿನ್ನಲು ಹೋಗಿ ಕಣಿಕೆಯ ಸಮೇತ ಒಳಗೆ ಇಳಿದಿತ್ತು. ಕೂದಲೂ ಕೊಂಕಿರಲಿಲ್ಲ. ಕೆಳಗೆ ನಿಂತು ನೆಮ್ಮದಿಯಿಂದ ಮೇಯುತ್ತಿತ್ತು.

“ಬಂದಿ? ಛಲೋ ಆತು. ಹಗ್ಗ ಕೊಡು” ಎಂದು ಶಿವಶರಣಪ್ಪ ಕೈ ಚಾಚಿದ.

ಆದಪ್ಪ ತನ್ನ ಖಾಲಿ ಹೆಗಲು ನೋಡಿಕೊಂಡ. ಆಮೇಲೆ ಗುಡ್ಡದ ತುದಿ ನೋಡಿದ. ಅವನ ಕಣ್ಣು ಹೋದಲ್ಲಿಗೇ ಎಲ್ಲರ ಕಣ್ಣೂ ಹೋಯಿತು.

ಓಣಿಯ ಹಗ್ಗಗಳನ್ನೆಲ್ಲ ಗುಡ್ಡಕ್ಕೆ ಹೊತ್ತುಕೊಂಡು ಹೋಗೆಂದು ನಿನಗೆ ಹೇಳಿದವರಾರೆಂದು ಜಂಬಮ್ಮ ಬೈದಳು. ಕತ್ತಲಾದರೆ ಕಂದೀಲೂ ಇಲ್ಲವಲ್ಲ ಎಂದು ರಹೀಮಾಬೀ ಕೊರಗಿದಳು. ಬಂದೋಬಸ್ತು ಅಂದರೆ ಬಿಟ್ಟು ಬರುವುದಲ್ಲ ಎಂದು ಶಿವಶರಣಪ್ಪ ಉಪದೇಶ ಮಾಡಿದ. ಅಮರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯ ಖಾಲಿ ಗೂಟದ ಕಡೆ ಬೆರಳು ತೋರಿಸಿದಳು. ಆದಪ್ಪನಿಗೆ ಅದೇ ಹೆಚ್ಚು ಹೆದರಿಕೆಯಾಯಿತು. ಹೊತ್ತು ಇಳಿಯುವುದರೊಳಗೆ ತಂದೇನೆಂದು, ಬರಿಗೈಯಲ್ಲೇ ಮತ್ತೆ ಗುಡ್ಡಕ್ಕೆ ಓಡಿದ.

ತಿರುವಿನಲ್ಲಿ ಒಬ್ಬ ಮುದುಕ ಎದುರಾದ. ಎಮ್ಮೆಯ ಚಿಂತೆಯಲ್ಲಿ ನಿದ್ದೆ ಬಾರದೆ ಒಂದು ದಿನ ಮೊದಲೇ ಹೊರಟು ಬಂದಿದ್ದ ಮಾವ ಹೊನ್ನೂರಪ್ಪ.

“ಇಷ್ಟು ಅವಸರದಾಗ ಎಲ್ಲಿಗೆ ಹೊಂಟೀರಿ, ಅಳಿಯಾರ?”

ಆದಪ್ಪ ಹಿಂದಿರುಗಿ, ಮನೆಯ ಕಟ್ಟೆಯ ಮೇಲೆ ಕೂತ. ಮಾವನೂ ಬಂದು ಪಕ್ಕದಲ್ಲಿ ಕೂತ. ಹಗೇವಿನೊಳಗಿಂದ ಎಮ್ಮೆ, ತವರಿನವರ ದನಿ ಗುರುತು ಹಿಡಿದಂತೆ, ಒಮ್ಮೆ ಕೂಗಿತು. ಹೊನ್ನೂರಪ್ಪನ ಕಿವಿ ನಿಮಿರಿತು. ಮಾತು ಮರೆಸಲು ಆದಪ್ಪ ಒಳಗೆ ಮುಖ ಮಾಡಿ, ಮಾವನವರ ಕಾಲಿಗೆ ನೀರು ಕೊಡು, ನನಗೂ ಕುಡಿಯಲು ಒಂದಿಷ್ಟು ತಾ ಎಂದು ಕೂಗಿದ.

ಅಮರಮ್ಮ ಬಾಗಿಲಿಗೆ ಬಂದು ನಿಂತಳು. ಕೈ ಎರಡೂ ಖಾಲಿಯಿದ್ದವು.

“ಯಾತರಾಗ ಕೊಡ್ಲಿ?” ಎಂದಳು. “ತಂಬಿಗಿ ಗುಡ್ಡದ ಮ್ಯಾಲ ಐತಿ.”