ಚಂದ್ರಿಯ ಪಥ್ಯ

ನಮ್ಮ ಬೆಕ್ಕು ಚಂದ್ರಿಗೆ ಥೈರಾಯ್ಡ್ ಬಂದ ಮೇಲೆ ಬನಹಟ್ಟಿಯ ನಮ್ಮ ಮನೆಯಲ್ಲಿ ನೆಮ್ಮದಿಯಿಂದ ಉಣ್ಣುವವರು ಯಾರೂ ಉಳಿದಿಲ್ಲ. ಬೆಕ್ಕಿಗೂ ಥೈರಾಯ್ಡೇ ಎಂದು ನಗಬೇಡಿ. ನಾನೂ ನಕ್ಕಿದ್ದೆ. (ನನ್ನ ಹೆಂಡತಿ ಶೇವಂತಿ ಒಮ್ಮೆ ದಿಟ್ಟಿಸಿದಳು, ನಗು ಅಲ್ಲಿಗೇ ನಿಂತಿತು.) ನಮ್ಮ ಮಗ್ಗದ ನೂಲನ್ನು ಇಲಿಗಳಿಂದ ಕಾಯ್ದು ಮುದಿಯಾದ ಜೀವ. ಹಂಡೆಗಟ್ಟಲೆ ತಿಂದರೂ ಬೆನ್ನೆಲುಬು ಕಾಣುವಂತೆ ಸೊರಗುತ್ತಿದ್ದಳು.

ಜಮಖಂಡಿಯ ದನದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಅಯೋಡಿನ್ ಕಡಿಮೆ ಇರುವ ಆಹಾರದ ಡಬ್ಬಿ ತರಿಸಿಕೊಟ್ಟರು. ಇದನ್ನು ಬಿಟ್ಟು ಹಾಲಿನ ಹನಿ, ರೊಟ್ಟಿಯ ಚೂರು ಬಾಯಿಗೆ ಬಿದ್ದರೂ ಪಥ್ಯ ಕೆಟ್ಟಂತೆ ಎಂದರು.

ಯಜಮಾನನಾದ ನಾನು ತಕ್ಷಣ ರಾಜಾಜ್ಞೆ ಹೊರಡಿಸಿದೆ. ಹಾಲಿನ ಪಾತ್ರೆ ಕಪಾಟು ಸೇರಿತು, ಚಂದ್ರಿ ಹೊರಗೆ ಹೋಗುವುದು ಬಂದ್ ಆಯಿತು. ಆದರೂ ಆಕೆಯ ತೂಕ ಏರಲಿಲ್ಲ. ಡಾಕ್ಟರು, "ಮನ್ಯಾಗ ಯಾರೋ ಕದ್ದು ತಿನಸಾಕತ್ತಾರ್ರಿ" ಎಂದುಬಿಟ್ಟರು. ಶೇವಂತಿ ಬೆಕ್ಕನ್ನು ಎದೆಗವಚಿಕೊಂಡು ಅತ್ತಳು. ಕಳ್ಳರು ಯಾರೆಂಬುದು ತನಿಖಾಧಿಕಾರಿಯಾದ ನನಗೆ ಆಗಲೇ ಹೊಳೆದಿತ್ತು: ಚಂದ್ರಿಯನ್ನು ಮೊಮ್ಮಗಳಂತೆ ಮುದ್ದಿಸುವ ನಮ್ಮವ್ವ. ಮುಖದ ಮೇಲೆಯೇ ಹೇಳಿದೆ. ಅವ್ವ ತೇರದಾಳದ ತನ್ನ ತಂಗಿಯ ಮನೆಗೆಂದು ಚೀಲ ಕಟ್ಟಿದಳು.

ನನ್ನ ಊಟವಾದ ಮೇಲೆ ಆಕೆಯನ್ನು ಬಸ್ಸಿಗೆ ಬಿಡಬೇಕಿತ್ತು. ಅಲ್ಲಿಯವರೆಗೆ ಚೀಲ ಹಿಡಿದು ನನ್ನ ಎಡಕ್ಕೆ ಕೂತಳು. (ದಿನವೂ ನನ್ನ ಊಟದ ಹೊತ್ತಿಗೆ ಆಕೆ ಟಿವಿ ಧಾರಾವಾಹಿಯ ಮುಂದಿರುತ್ತಾಳೆ.) ನಾನು ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು, ಪಥ್ಯಕ್ಕೆ ಶಿಸ್ತೇ ಮುಖ್ಯವೆಂದು ಭಾಷಣ ಮಾಡುತ್ತಿದ್ದೆ.

"ಬಲಗೈಲೆ ಉಣ್ಣಾಕತ್ತಿ, ಖರೆ," ಎಂದಳು ಅವ್ವ. "ಎಡಗೈ ಏನ್ ಮಾಡಾಕತ್ತೈತಿ, ನೋಡ್ಕೊ."

ನೋಡಿಕೊಂಡೆ. ಮೊಣಕಾಲಿನ ಹಿಂದೆ ನನ್ನ ಎಡಗೈ, ಅದರಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿಯ ಅಂಚು, ಅದನ್ನು ಕಚ್ಚಿಕೊಂಡು ಚಂದ್ರಿ. ನೂಲು ಕಾಯುವ ಬೆಕ್ಕಿಗೆ ಉಣ್ಣುವವನ ತಾಟಿನಲ್ಲಿ ಪಾಲು ಕೊಡಬೇಕೆಂಬುದು ನೇಕಾರರಾದ ನಮ್ಮ ಮನೆತನದ ಪದ್ಧತಿ. ಅಪ್ಪ ಕೊಡುತ್ತಿದ್ದ. ಅವನ ಪಕ್ಕ ಕೂತು ಉಂಡು ಬೆಳೆದ ನನ್ನ ಕೈಗೂ ರೂಢಿಯಾಗಿತ್ತು. ಕೈ ತನ್ನ ಪಾಡಿಗೆ ಕೊಡುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. (ಶೇವಂತಿ ಇದನ್ನು ಇಂದಿಗೂ ನಂಬಿಲ್ಲ.)

ಅವ್ವನ ಕಾಲು ಹಿಡಿದು ಚೀಲ ಬಿಚ್ಚಿಸಿದೆ. ಅಂದಿನಿಂದ ನಾನು ಉಣ್ಣಲು ಕೂತರೆ ಸಾಕು, ಅವ್ವ ಪಕ್ಕದಲ್ಲಿ ಕೂತು ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಚಂದ್ರಿ ಮೈತುಂಬಿಕೊಂಡಿದ್ದಾಳೆ. ಮೊನ್ನೆ ಊಟಕ್ಕೆ ಬಂದ ಬೀಗರು ಈ ದೃಶ್ಯ ಕಂಡು ಗಾಬರಿಯಾಗಿ, ಯಜಮಾನರಿಗೆ ಏನಾಗಿದೆ ಎಂದು ಕೇಳಿದರು.

"ಥೈರಾಯ್ಡ್ ರೀ," ಎಂದಳು ಶೇವಂತಿ, ಅವರಿಗೆ ಇನ್ನೊಂದು ರೊಟ್ಟಿ ಬಡಿಸುತ್ತಾ.