ತೊಂಬತ್ತು ಸಾವಿರ ಮೈಲಿಯ ಬೆಲ್ಟು

ಇಂಜಿನ್ನಿನೊಳಗಿನ ಟೈಮಿಂಗ್ ಬೆಲ್ಟನ್ನು ತೊಂಬತ್ತು ಸಾವಿರ ಮೈಲಿಗೆ ಬದಲಿಸಬೇಕೆಂದು ಕಾರಿನ ಕೈಪಿಡಿಯಲ್ಲಿತ್ತು. ಆರ್ವಿಡ್‌ನ ಕಾರು ಓಡಿದ್ದು ಎಂಬತ್ತೊಂಬತ್ತು ಸಾವಿರದ ಒಂಬೈನೂರ ಮೂವತ್ತು. ಮಗಳು ಬ್ರಿಟಾ ಓದುತ್ತಿದ್ದ ಡುಲೂತ್ ನಗರಕ್ಕೆ ನೂರ ನಲವತ್ತು ಮೈಲಿ. ಅಂದರೆ ಗಡುವು ಸರಿಯಾಗಿ ಅರ್ಧ ದಾರಿಯಲ್ಲಿ, ಪೈನ್ ಕಾಡಿನ ನಡುವೆ ಮುಗಿಯುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಬ್ರಿಟಾಳಿಗೆ ನರ್ಸಿಂಗ್ ಪದವಿ ಪ್ರದಾನ. ಹೋದ ವರ್ಷ ಅವಳು ಬಹುಮಾನ ಪಡೆದ ದಿನ ಆರ್ವಿಡ್ ಕೆಟ್ಟ ರೇಡಿಯೇಟರಿನ ಪಕ್ಕ ರಸ್ತೆಬದಿಯಲ್ಲಿ ಕೂತಿದ್ದ. ಈ ಸಲ ತಪ್ಪಿಸಿದರೆ ಅವಳು ಬೈಯುವುದೂ ಇಲ್ಲ ಎಂಬುದೇ ಅವನ ಭಯ.

ಬೆಳಗ್ಗೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಬೆಲ್ಟಿನ ಮಾತೆತ್ತಿದ್ದು ತಪ್ಪಾಯಿತು. ಒಬ್ಬನ ಬೆಲ್ಟು ಒಂದೂವರೆ ಲಕ್ಷ ಬಾಳಿತ್ತಂತೆ, ಇನ್ನೊಬ್ಬನದು ಎಂಬತ್ತು ಸಾವಿರಕ್ಕೇ ಹರಿದಿತ್ತಂತೆ. ಹೇಳದೆ ಕೇಳದೆ ಕೆಲಸ ಬಿಡುವ ಅಡುಗೆಯವನ ಹಾಗೆ ಅದು ಮುನ್ಸೂಚನೆ ಕೊಡುವುದಿಲ್ಲ. ಹರಿದರೆ ಇಂಜಿನ್ನೇ ಮುರಿಯುತ್ತದೆ ಎನ್ನುವುದರಲ್ಲಿ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯ. ಮೆಕ್ಯಾನಿಕ್ ಮುಂದಿನ ವಾರ ಬಾ ಎಂದ.

ಆದದ್ದಾಗಲಿ ಎಂದು ಆರ್ವಿಡ್ ಕಾರು ತೆಗೆಯುವಾಗ ಪಕ್ಕದ ಮನೆಯ ವೆಂಡೆಲ್ ಅಡ್ಡ ಬಂದು, ತನ್ನ ಕಾರು ಒಯ್ಯಲು ಹೇಳಿದ. ಆರ್ವಿಡ್ ಬೇಡವೆಂದ. ವೆಂಡೆಲ್ ಮತ್ತೆ ಹೇಳಿದ. ಇವನು ಮತ್ತೆ ಬೇಡವೆಂದ. ಮಿನೆಸೋಟಾದಲ್ಲಿ ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೆಯ ಸಲ ಬೇಡ ಎನ್ನುವುದು ಅವಮಾನ. ವೆಂಡೆಲ್ ಮೂರನೆಯ ಸಲವೂ ಹೇಳಿದ. ಆರ್ವಿಡ್ ನಿಟ್ಟುಸಿರು ಬಿಟ್ಟು ಕೀಲಿಕೈ ಅದಲುಬದಲು ಮಾಡಿಕೊಂಡ.

ಮೂವತ್ತನೆಯ ಮೈಲಿಯಲ್ಲಿ ವೆಂಡೆಲ್‌ನ ಕಾರಿನೊಳಗೆ ತಟ್ಟೆಗಳ ರಾಶಿ ಬಿದ್ದಂತೆ ಸದ್ದಾಗಿ ಇಂಜಿನ್ ನಿಂತುಹೋಯಿತು. ಗಂಟೆ ಹನ್ನೊಂದು ಇಪ್ಪತ್ತು. ಆರ್ವಿಡ್ ಫೋನ್ ಮಾಡಿದ.

"ವೆಂಡೆಲ್, ನಿನ್ ಕಾರಿನ ಬೆಲ್ಟು ಯಾವಾಗ ಹಾಕ್ಸಿದ್ದು?"

"ಕಂಪನೀಲಿ ಹಾಕಿದ್ದೇ. ಒಂದು ಲಕ್ಷದ ಹತ್ತು ಸಾವಿರ ಆಗಿತ್ತು."

"ಮತ್ತೆ ಯಾಕೆ ಮಾರಾಯ ಕೊಟ್ಟೆ?"

"ಎರಡು ಸಲ ಸುಮ್ನೆ ಕೇಳ್ದೆ. ಮೂರನೇ ಸಲಕ್ಕೆ ಹೆಂಡ್ತಿ ಕಿಟಕೀಲಿ ನಿಂತು ನೋಡ್ತಿದ್ಲು. ಏನ್ ಮಾಡ್ಲಿ?"

ಹನ್ನೆರಡು ದಾಟಿ ಐದು ನಿಮಿಷಕ್ಕೆ ವೆಂಡೆಲ್ ಬಂದ, ಆರ್ವಿಡ್‌ನದೇ ಕಾರಿನಲ್ಲಿ. ಅದು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಉಳಿದದ್ದು ನೂರ ಹತ್ತು ಮೈಲಿ. ಗಂಟೆಗೆ ಅರವತ್ತೈದರಲ್ಲಿ ಹೋದರೂ ಸಮಾರಂಭಕ್ಕೆ ಮೊದಲೇ ತಲುಪಬಹುದು. ಆರ್ವಿಡ್‌ಗೆ ಜೀವ ಬಂತು. ತಾನೇ ಓಡಿಸುತ್ತೇನೆಂದ. ಪಶ್ಚಾತ್ತಾಪದಿಂದ ಕುಗ್ಗಿದ್ದ ವೆಂಡೆಲ್ ಸ್ಟಿಯರಿಂಗ್ ಬಿಡಲಿಲ್ಲ.

ವೇಗದ ಮುಳ್ಳು ನಲವತ್ತಕ್ಕೆ ಬಂದು ಅಲ್ಲೇ ನಿಂತಿತು.

"ವೆಂಡೆಲ್, ಸ್ವಲ್ಪ ಒತ್ತು."

"ಸುಮ್ನಿರು. ಒಂದೇ ದಿನ ಎರಡು ಇಂಜಿನ್ ಕೊಂದ ಪಾಪ ನಂಗೆ ಬೇಡ."

ಒಂದೂಕಾಲಿನ ಹೊತ್ತಿಗೆ ಮೀಟರಿನಲ್ಲಿ ತೊಂಬತ್ತು ಸಾವಿರ ತಿರುಗಿತು. ಏನೂ ಆಗಲಿಲ್ಲ. ವೆಂಡೆಲ್ ಮಾತ್ರ ವೇಗವನ್ನು ಮೂವತ್ತಕ್ಕೆ ಇಳಿಸಿದ.

ಎರಡೂಕಾಲಿಗೆ ಬ್ರಿಟಾ ಫೋನ್ ಮಾಡಿದಳು. ಹಿಂದೆ ಚಪ್ಪಾಳೆ ಕೇಳಿಸುತ್ತಿತ್ತು.

"ಕಾರು ಕೆಟ್ಟೋಯ್ತಾ ಅಪ್ಪ?"

ಆರ್ವಿಡ್ ಕಣ್ಣು ಮುಚ್ಚಿಕೊಂಡ. "ಇಲ್ಲ ಕಣಮ್ಮ," ಎಂದ, "ನಮ್ ಕಾರು ತುಂಬಾ ಚೆನ್ನಾಗಿದೆ."