ಜಿಲ್ಲೆಯ ಜ್ವರ ನೋಡುವ ಕಾಕಾ

ನಮ್ಮ ಕಾಕಾ ಸುಡುಬಿಸಿಲಿನಲ್ಲಿ ತಾವು ಬರಿತಲೆಯಲ್ಲಿ ನಿಲ್ಲುತ್ತಾರೆ, ಕೊಡೆಯನ್ನು ಮಾತ್ರ ಥರ್ಮಾಮೀಟರಿಗೆ ಹಿಡಿಯುತ್ತಾರೆ! ಯಾಕೆಂದು ಕೇಳಿದರೆ, "ನಾ ಕಾದ್ರ ಏನಾಗ್ತದ? ಅದು ಬಿಸಿಲಿಗಿ ಕಾದ್ರ ಸುಳ್ಳ ಹೇಳ್ತದ" ಎನ್ನುತ್ತಾರೆ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವವರಿಗೆ ಈ ಹುಚ್ಚು ಯಾಕೆ ಅಂತೀರಾ? ಊರವರು ಕೇಳಿ ಕೇಳಿ ಸುಸ್ತಾಗಿದ್ದಾರೆ. ತೋಟದ ಬಿಸಿಲು, ಮಳೆ ದಿನವೂ ನೋಟ್‌ಬುಕ್ಕಿಗೆ ಏರಬೇಕು. ಹಣ್ಣು ಮಾರಲು ಕಲಬುರಗಿಗೆ ಹೋದ ದಿನ ಸ್ಟೇಶನ್ ಬಜಾರದ ಬಿಸಿಲೂ ಏರಬೇಕು.

ಒಮ್ಮೆ ಬಸ್ಸಿನಲ್ಲಿ ಅವರು ಥರ್ಮಾಮೀಟರನ್ನು ಎದೆಗವಚಿಕೊಂಡು ಕೂತಿದ್ದರು. ಕಂಡಕ್ಟರ್ ಗಾಬರಿಯಾಗಿ, "ಯಾರಿಗಿ ಜ್ವರ ಬಂದಾವ್ರಿ?" ಎಂದು ಕೇಳಿದ.

"ಜಿಲ್ಲಾಕ್ಕ" ಎಂದರು ಕಾಕಾ.

ನಾನು ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮಳೆ, ಬಿಸಿಲಿನ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಎಲ್ಲಿ ಎಂಥ ಹಸಿರು ಬೆಳೆದೀತೆಂದು ಅದು ಹೇಳಬೇಕು. ಆದರೆ ಆ ಅಂಕಿಗಳು ಬರುವುದು ನೆಲವನ್ನು ದೊಡ್ಡ ದೊಡ್ಡ ಚೌಕ ಮಾಡಿ. ಸ್ಟೇಶನ್ ಬಜಾರದ ತಗಡಿನ ಛಾವಣಿ, ಕಮಲಾಪುರದ ತೋಟ ಎರಡೂ ಒಂದೇ ಚೌಕದಲ್ಲಿ, ಎರಡಕ್ಕೂ ಒಂದೇ ಬಿಸಿಲು! ಕಾಕಾ ನನ್ನ ನಕ್ಷೆ ನೋಡಿ, "ನನ್ನ ತೋಟದ ಹಸುರು ಎಲ್ಲದವ್ವಾ?" ಎಂದರು.

"ಕಂಪ್ಯೂಟರ್ ಪ್ರಕಾರ ಅಲ್ಲಿ ಬರೇ ಮುಳ್ಳುಕಂಟಿ ಅದ ಕಾಕಾ."

"ಹಂಗಾದ್ರ ಮುಂಜಾನಿ ನಾ ತಿಂದಿದ್ದು ಮುಳ್ಳುಕಂಟಿ?"

ಪರಿಹಾರವಿತ್ತು. ಸಣ್ಣ ಚೌಕಗಳ ಅಂಕಿಗಳನ್ನು ಹಾಕಿದೆ, ಕಮಲಾಪುರ ಹಸಿರಾಯಿತು. ನನ್ನ ಗೈಡ್ ಸರ್ ಒಪ್ಪಲಿಲ್ಲ. "ಚೌಕ ಸಣ್ಣದು ಮಾಡಿದ್ರ ಚಿತ್ರ ಚಂದ ಆಗ್ತದಮ್ಮ. ಖರೇನೂ ಆಗ್ತದಂತ ಏನು ಗ್ಯಾರಂಟಿ? ಪುರಾವೆ ಇಲ್ಲಂದ್ರ ಆ ಅಧ್ಯಾಯ ತಗದುಬಿಡು" ಎಂದರು. ಎರಡು ವರ್ಷದ ಕೆಲಸ! ಕಾಕಾನ ಮುಂದೆ ಅತ್ತುಬಿಟ್ಟೆ. ಮರುದಿನ ಅವರು ಬಾಳೆಹಣ್ಣಿನ ಬುಟ್ಟಿ ಹೊತ್ತು ಬಂದು ನನ್ನ ಮೇಜಿನ ಮೇಲೆ ಮಗುಚಿದರು. ಹನ್ನೊಂದು ನೋಟ್‌ಬುಕ್ಕು ಬಿದ್ದವು.

ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದೆ. ಹೋಲಿಸಿ ನೋಡಿದರೆ, ಸಣ್ಣ ಚೌಕದ ಅಂಕಿಗಳು ಕಾಕಾನ ಅಂಕಿಗಳ ಕೈಹಿಡಿದು ನಡೆಯುತ್ತಿದ್ದವು. ದೊಡ್ಡ ಚೌಕದ್ದು ಬಜಾರಕ್ಕೂ ಸೇರದೆ, ತೋಟಕ್ಕೂ ಸೇರದೆ, ದಾರಿಯಲ್ಲಿ ಕೆಟ್ಟ ಬಸ್ಸಿನಂತೆ ನಡುವೆ ನಿಂತಿತ್ತು.

ವಿಭಾಗದ ಸಭೆಗೆ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು ಮೊದಲ ಸಾಲಿನಲ್ಲೇ ಕೂತರು. ನಾನು ಎರಡು ನಕ್ಷೆಗಳನ್ನು ಪಕ್ಕಪಕ್ಕ ತೋರಿಸಿದೆ, ನಂತರ ಕಾಕಾನ ಅಂಕಿಗಳನ್ನು. ಸರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನಾ ಸೋತೆ. ಅಧ್ಯಾಯ ಇರಲಿ. ಅದನ್ನೇ ಮೊದಲು ಹಾಕು" ಎಂದರು. ಆ ದಿನ ಬಿದ್ದ ಚಪ್ಪಾಳೆಗೆ ಕಿಟಕಿಯ ಪಾರಿವಾಳಗಳೆಲ್ಲ ಎದ್ದುಹೋದವು!

ಸರ್ ವೇದಿಕೆಯಿಂದ ಕೆಳಗಿಳಿದು ಬಂದು ಕಾಕಾನ ಕೈ ಕುಲುಕಿದರು. "ಇಷ್ಟು ಕರಾರುವಾಕ್ಕಾಗಿ ಓದೋದು ನಿಮಗ ಯಾರು ಕಲಿಸ್ಯಾರ್ರಿ?"

ಕಾಕಾ ನನ್ನ ಕಡೆ ಬೆರಳು ಮಾಡಿದರು. "ಈಕೀರಿ. ಆರನೇ ಕ್ಲಾಸಿನ್ಯಾಗ ಇದ್ದಾಗ ಸಾಲಿ ಪುಸ್ತಕ ತಂದು ಬದುವಿನ ಮ್ಯಾಲ ಕುಂದ್ರಿಸಿ ಕಲಿಸ್ಯಾಳ. ದಿನಾ ಬರಿ ಕಾಕಾ, ಒಂದಿನಾನೂ ಬಿಡಬ್ಯಾಡ ಅಂದಿದ್ಳು. ಬಿಟ್ಟಿಲ್ರಿ."

ನನಗದು ಮರೆತೇ ಹೋಗಿತ್ತು. ಯಾರೋ ಮುಂದಿನ ಪ್ರಶ್ನೆ ಕೇಳಿದರಂತೆ. ನನಗೆ ಕೇಳಿಸಲಿಲ್ಲ.